ಮೋತಿಯ ಎಂಟು ವಾರದ ಪಥ್ಯ

ಮೋತಿಯನ್ನು ಮೊದಲ ಸಲ ನನ್ನ ಕ್ಲಿನಿಕ್ಕಿಗೆ ತಂದಾಗ ಅದರ ಬಣ್ಣ ಯಾವುದೆಂದೇ ತಿಳಿಯಲಿಲ್ಲ. ಹಳದಿ ಲ್ಯಾಬ್ರಡಾರ್ ಎಂದು ಮಾಲೀಕರು ಹೇಳಿದರು. ಮೇಜಿನ ಮೇಲೆ ನಿಂತಿದ್ದು ಮಾತ್ರ ಇಟ್ಟಿಗೆ ಬಣ್ಣದ ನಾಯಿ. ಆಗಿನ ಹೊಸಪೇಟೆಯಲ್ಲಿ ಅದೇನೂ ವಿಶೇಷವಲ್ಲ. ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಹಗಲಿಡೀ ಸಾಲುಗಟ್ಟಿ ಹೋಗುತ್ತಿದ್ದ ಕಾಲ. ರಸ್ತೆ ಬದಿಯ ಬೇವಿನ ಮರ, ಒಣಗಲು ಹಾಕಿದ ಬಟ್ಟೆ, ನನ್ನ ಕ್ಲಿನಿಕ್ಕಿನ ಬೋರ್ಡು ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು.

ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಒಳಗಿನ ಚರ್ಮ ಕಂಡಿತು. ಹೊಟ್ಟೆಯ ಕೆಳಗೆ ಕೂದಲೇ ಇರಲಿಲ್ಲ. ಕಿವಿಯೊಳಗೆ ಕಪ್ಪು ಮೇಣದಂಥ ಕೀವು, ಕೆಟ್ಟ ವಾಸನೆ. ಮುಂಗಾಲುಗಳನ್ನು ನೆಕ್ಕಿ ನೆಕ್ಕಿ ಬೆರಳ ಸಂದುಗಳು ಹಸಿಯಾಗಿದ್ದವು.

ಮಾಲೀಕರು ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು. ಅದಿರಿನ ದಂಧೆ ಏರಿದ ಮೇಲೆ ಅವರೂ ಲಾರಿಗಳನ್ನು ಇಟ್ಟುಕೊಂಡಿದ್ದರು. ಸಂಡೂರು ರಸ್ತೆಯ ಅವರ ಲಾರಿ ಯಾರ್ಡಿನ ಕಾವಲಿಗೆಂದು ಬೆಂಗಳೂರಿನಿಂದ ತಂದ ನಾಯಿ ಇದು. "ಕೆರ್ಕೊಂಡು ಕೆರ್ಕೊಂಡು ಸಾಯಾಕತ್ತೈತ್ರಿ ಡಾಕ್ಟ್ರೆ," ಎಂದರು. "ನನಗ ನೋಡಾಕ ಆಗವಲ್ದು. ಏನರ ದಾರಿ ತೋರಿಸ್ರಿ. ಇಲ್ಲಾಂದ್ರ ಒಂದು ಸೂಜಿ ಚುಚ್ಚಿ ಮಲಗಿಸಿಬಿಡ್ರಿ, ಅದರ ಕಷ್ಟ ಹರೀಲಿ."

ಮಲಗಿಸುವ ಮಾತು ಬೇಡ ಎಂದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ, ಹುಳು ಇರಲಿಲ್ಲ. ಬೂಷ್ಟಿನ ಪರೀಕ್ಷೆ ಮಾಡಿದೆ, ಅದೂ ಇಲ್ಲ. ಉಣ್ಣೆ, ಚಿಗಟಕ್ಕೆ ಔಷಧಿ ಹಾಕಿ ಎರಡು ವಾರ ಕಾದೆ, ಗುಣವಿಲ್ಲ. ಕೊನೆಗೆ ಊರೆಲ್ಲ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ: ಕೆಂಪು ಧೂಳು. ಮನುಷ್ಯರ ಕೆಮ್ಮಿಗೂ ಧೂಳು, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಧೂಳು ಎನ್ನುತ್ತಿದ್ದ ದಿನಗಳವು. ಒಂದು ಸ್ಟೆರಾಯ್ಡ್ ಸೂಜಿ ಹಾಕಿ, ನಾಯಿಯನ್ನು ಯಾರ್ಡಿನಿಂದ ಎಬ್ಬಿಸಿ ಕಂಪ್ಲಿಯ ಮನೆಗೆ ಒಯ್ಯಿರಿ, ಅಲ್ಲಿ ಕಾಲುವೆ ನೀರು, ಗದ್ದೆ ಗಾಳಿ ಇದೆ ಎಂದೆ. ಸೂಜಿಯ ಬಲಕ್ಕೆ ಹತ್ತು ದಿನ ಮೋತಿ ಹಾಯಾಗಿತ್ತು. ಸಾಹುಕಾರರು ಫೋನಿನಲ್ಲಿ ನನ್ನನ್ನು ಹೊಗಳಿದರು. ಹನ್ನೊಂದನೇ ದಿನ ಮತ್ತೆ ಕೆರೆತ. ಎರಡು ತಿಂಗಳು ಕಾದರೂ ಅದೇ ಕಿವಿ, ಅದೇ ಹೊಟ್ಟೆ. ಧೂಳಿಲ್ಲದ ಊರಿನಲ್ಲೂ ನಾಯಿ ಕೆರೆದುಕೊಳ್ಳುತ್ತಿದೆ ಎಂದರೆ ತಪ್ಪು ಧೂಳಿನದಲ್ಲ. ಆಗ ಊಟದ ಕಡೆ ತಿರುಗಿದೆ.

ನಾಯಿಗೆ ಯಾವ ಆಹಾರ ಒಗ್ಗುತ್ತಿಲ್ಲ ಎಂದು ಕಂಡುಹಿಡಿಯಲು ರಕ್ತ ಪರೀಕ್ಷೆಯನ್ನು ನಂಬುವಂತಿಲ್ಲ. ದಾರಿ ಒಂದೇ. ಇದುವರೆಗೆ ಅದು ಬಾಯಿಗೇ ಇಟ್ಟಿರದ ಒಂದು ಮಾಂಸ, ಬಾಯಿಗೇ ಇಟ್ಟಿರದ ಒಂದು ಧಾನ್ಯ, ಇವೆರಡನ್ನೇ ಎಂಟು ವಾರ ಕೊಡಬೇಕು. ಬೇರೆ ಒಂದು ತುತ್ತೂ ಕೂಡದು. ಕೆರೆತ ನಿಂತರೆ, ಹಳೆಯ ಆಹಾರಗಳನ್ನು ಒಂದೊಂದಾಗಿ ಮತ್ತೆ ಕೊಟ್ಟು ಯಾವುದಕ್ಕೆ ಕೆರಳುತ್ತದೆ ಎಂದು ನೋಡಬೇಕು. ಕೇಳಲು ಸುಲಭ. ಆದರೆ ನಡುವೆ ಒಂದೇ ಒಂದು ಬಿಸ್ಕತ್ತು ಹೋದರೂ ಲೆಕ್ಕ ಮತ್ತೆ ಒಂದರಿಂದ ಶುರು. ಹೆಚ್ಚಿನ ಮನೆಗಳಲ್ಲಿ ಇದು ಕೆಡುವುದು ಪ್ರೀತಿಯಿಂದ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದೆ ಎಂಬ ಜಂಬವೂ ಇತ್ತು. ಒಂದು ಬೆಳಗ್ಗೆ ಕಂಪ್ಲಿಗೆ ಹೋಗಿ, ಗಿರಣಿಗೆ ಅಂಟಿಕೊಂಡೇ ಇದ್ದ ಅವರ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿದೆ. "ನಾಯಿಗೆ ಏನು ಹಾಕ್ತೀರಿ" ಎಂದು ನಾನು ಎಂದೂ ಕೇಳುವುದಿಲ್ಲ. ಹಾಗೆ ಕೇಳಿದರೆ ತಟ್ಟೆಗೆ ಹಾಕಿದ್ದನ್ನಷ್ಟೇ ಹೇಳುತ್ತಾರೆ. "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಅದರ ಬಾಯೊಳಗೆ ಏನೇನು ಹೋಯಿತು" ಎಂದು ಕೇಳುತ್ತೇನೆ. ಪಟ್ಟಿ ಬೆಳೆಯಿತು. ಬೆಳಗ್ಗೆ ಹಾಲು ಬ್ರೆಡ್ಡು, ಮಧ್ಯಾಹ್ನ ಮೊಸರನ್ನ, ಸಂಜೆ ಪೇಟೆಯಿಂದ ತಂದ ಕೋಳಿಮಾಂಸದ ಒಣ ಆಹಾರ, ನಡುನಡುವೆ ಬಿಸ್ಕತ್ತು, ಜೋಳದ ರೊಟ್ಟಿ, ತುಪ್ಪ ಸವರಿದ ಚಪಾತಿ.

"ಪ್ರಸಾದ?" ಎಂದೆ.

ಸಾಹುಕಾರರ ತಾಯಿ ತಲೆ ಎತ್ತಿದರು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. "ಪೂಜಿ ಆದ ಮ್ಯಾಲ ಮನ್ಯಾಗಿನ ಎಲ್ಲಾ ಜೀವಕ್ಕೂ ಒಂದು ಚೂರು ಕೊಡ್ತೀನಿ. ದೇವರ ಪ್ರಸಾದಕ್ಕೂ ಅಲರ್ಜಿ ಐತೇನಪ್ಪ ನಿಮ್ಮ ಶಾಸ್ತ್ರದಾಗ?"

"ಪ್ರಸಾದದಾಗ ಹಾಲು, ಸಕ್ಕರಿ, ಗೋಧಿ ಇರ್ತಾವಲ್ರಿ ಅಮ್ಮ. ಎಂಟು ವಾರ ಅದಕ್ಕ ಬರೀ ಆಶೀರ್ವಾದ ಮಾಡ್ರಿ ಸಾಕು."

ಅಜ್ಜಿ ನಕ್ಕು ಒಪ್ಪಿಕೊಂಡರು. ಎಲ್ಲರೂ ಮರೆಯುವ ಪ್ರಸಾದವನ್ನೇ ಹಿಡಿದೆನಲ್ಲ ಎಂದು ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು.

ಮೋತಿ ತಿಂದಿರದ್ದು ಏನು ಎಂದು ಹುಡುಕಿದಾಗ ಸಿಕ್ಕಿದ್ದು ಮೀನು ಮತ್ತು ನವಣೆ. ಅಕ್ಕಿ ಗಿರಣಿಯ ನಾಯಿಗೆ ಅಕ್ಕಿ ಬೇಡ ಎಂದಾಗ ಸಾಹುಕಾರರು, "ಊರಾಗ ನನ್ನ ಮಾನ ಕಳೀಬ್ಯಾಡ್ರಿ ಡಾಕ್ಟ್ರೆ" ಎಂದು ಚೇಷ್ಟೆ ಮಾಡಿದರು. ಮೀನಿನ ಮಾತು ಬಂದಾಗ ಮಾತ್ರ ಯಾರೂ ನಗಲಿಲ್ಲ. ತಲೆತಲಾಂತರದ ಶಿವಭಕ್ತರ ಮನೆ. ಒಳಗಿನ ಒಲೆಯ ಮೇಲೆ ಇರಲಿ, ಹೊಸ್ತಿಲ ಒಳಗೂ ಮೀನು ಬರುವ ಹಾಗಿರಲಿಲ್ಲ. ಪೇಟೆಯ ಕೋಳಿಮಾಂಸದ ಒಣ ಆಹಾರ ಕಾಳಿನ ರೂಪದಲ್ಲಿ ಚೀಲದಲ್ಲಿ ಇರುತ್ತಿತ್ತು, ಮಾಂಸದ ಆಕಾರ ಅದಕ್ಕಿರಲಿಲ್ಲವಾದ್ದರಿಂದ ಅದನ್ನು ಯಾರೂ ಮಾಂಸವೆಂದು ಎಣಿಸಿರಲಿಲ್ಲ. ಬೇರೆ ಏನಾದರೂ ಇಲ್ಲವೇ ಎಂದು ಸಾಹುಕಾರರ ಹೆಂಡತಿ ಕೇಳಿದರು. ನಾಯಿ ಉಳಿಯಬೇಕಾದರೆ ಇದೇ ಆಗಬೇಕು ಎಂದೆ.

ಕೊನೆಗೆ ಒಂದು ಏರ್ಪಾಡಾಯಿತು. ಗಿರಣಿಯ ಹಿಂದೆ, ಭತ್ತ ಬೇಯಿಸುವ ಬಾಯ್ಲರಿನ ಆಚೆ ತಗಡಿನ ಚಪ್ಪರವಿತ್ತು. ಅಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಅಡಿಗೆಗೆ ಗಿರಣಿಯ ಕೆಲಸದ ಹೆಂಗಸೊಬ್ಬಳು ಮುಂದೆ ಬಂದಳು. ಮೂವತ್ತೈದು, ನಲವತ್ತರ ವಯಸ್ಸು. ಬುಕ್ಕಸಾಗರದವಳು, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು. ಇಷ್ಟು ದಿನ ಅಂಗಳದ ಬಿಸಿಲಿನಲ್ಲಿ ಬೇಯಿಸಿದ ಭತ್ತವನ್ನು ಕಾಲಿನಿಂದ ಹರಡುವ ಕೆಲಸ ಅವಳದು. ಇನ್ನು ಮೇಲೆ ನಾಯಿಯ ಅಡಿಗೆ, ನಾಯಿಯ ಸ್ನಾನ, ಅಷ್ಟೇ. ಬಿಸಿಲಿನಿಂದ ನೆರಳಿಗೆ ಬಂದ ಸಂತೋಷ ಅವಳ ಮುಖದಲ್ಲಿ ಕಾಣುತ್ತಿತ್ತು. ಅವಳು ಮನೆಯ ಅಡಿಗೆಮನೆಗೆ ಹೋಗುವಂತಿಲ್ಲ, ಮನೆಯವರು ಚಪ್ಪರಕ್ಕೆ ಬರುವಂತಿಲ್ಲ. ಬೇಲಿ ಹಾಕದಿದ್ದರೂ ಆ ಗೆರೆ ಎಲ್ಲರಿಗೂ ಗೊತ್ತಿತ್ತು. ನಾಯಿ ಮಾತ್ರ ಎರಡೂ ಕಡೆ ಓಡಾಡುತ್ತಿತ್ತು.

ಪಾಠ ಹೇಳಿಕೊಟ್ಟೆ. ದಿನಕ್ಕೆ ಮುಕ್ಕಾಲು ಕಿಲೋ ಹೊಳೆ ಮೀನು, ಮುಳ್ಳು ತೆಗೆದ ಮೇಲೆ ಅರ್ಧ ಕಿಲೋ ಉಳಿಯಬೇಕು. ಅದಕ್ಕಿಂತ ತುಸು ಹೆಚ್ಚು ಬೇಯಿಸಿದ ನವಣೆ. ಉಪ್ಪು, ಎಣ್ಣೆ, ಅರಿಶಿಣ ಯಾವುದೂ ಇಲ್ಲ. ಎರಡು ಹೊತ್ತಿಗೆ ಪಾಲು ಮಾಡಿ ಕೊಡಬೇಕು. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಕೇಳಿದಳು: "ಮೀನಿನ ತಲಿ ಏನ್ ಮಾಡ್ಲಿರಿ?"

"ನಾಯಿಗೆ ಬ್ಯಾಡ. ಬೇಕಾದ್ರ ನೀನು ಒಯ್ಯಿ," ಎಂದೆ.

ಅವಳು ಮುಳ್ಳು ತೆಗೆಯುವುದನ್ನು ಮೊದಲ ದಿನ ನಿಂತು ನೋಡಿದೆ. ಬೆಂದ ಮೀನನ್ನು ಅಗಲ ತಾಟಿನಲ್ಲಿ ಹರಡಿ, ಹೆಬ್ಬೆರಳಿನಿಂದ ಎಳೆ ಎಳೆಯಾಗಿ ಒತ್ತುತ್ತ ಹೋಗುವಳು. ಒಮ್ಮೆ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೋತಿ ಎದುರು ಕುಳಿತು ಜೊಲ್ಲು ಸುರಿಸುತ್ತಿತ್ತು. "ತಡಿಯಲೇ, ಗಂಟಲಿಗೆ ಸಿಕ್ಕಂಡ್ರ ನನಗ ಬೈತಾರ," ಎಂದು ಅದಕ್ಕೆ ಹೇಳಿದಳು. ಎರಡನೇ ಸಲ ಒತ್ತಿದಾಗ ಸಿಕ್ಕ ಕೂದಲೆಳೆಯಂಥ ಮುಳ್ಳನ್ನು ನನಗೆ ತೋರಿಸಿ ಪಕ್ಕಕ್ಕಿಟ್ಟಳು.

ಮೂರನೇ ವಾರದ ಹೊತ್ತಿಗೆ ಕಿವಿಯ ಕೆಂಪು ಇಳಿಯಿತು. ಕಾಲು ನೆಕ್ಕುವುದು ಅರ್ಧಕ್ಕೆ ಬಂತು. ಹಳೆಯ ಕೆರೆತದ ಗಾಯಗಳಲ್ಲಿ ಮಾತ್ರ ಕೀವಿನ ಗುಳ್ಳೆ ಎದ್ದಿದ್ದವು. ಅದಕ್ಕೆ ಮೂರು ವಾರದ ಮಾತ್ರೆ ಬರೆದೆ, ಬೆಳಗ್ಗೆ ಒಂದು, ಸಂಜೆ ಒಂದು. ಕಹಿ ಮಾತ್ರೆ. ಮೀನಿನೊಳಗೆ ಇಟ್ಟು ಕೊಡಿ ಎಂದೆ. "ಮೀನ ನಾ ಮುಟ್ಟಂಗಿಲ್ರಿ," ಎಂದರು ಸಾಹುಕಾರರ ಹೆಂಡತಿ. ಹಾಗಾದರೆ ಆ ಹೆಂಗಸೇ ಕೊಡಲಿ ಎಂದೆ. ಅದಕ್ಕೆ ಸಾಹುಕಾರರು ಒಪ್ಪಲಿಲ್ಲ. "ಔಷಧದ ವಿಷಯ, ಹೊತ್ತು ತಪ್ಪಬಾರ್ದು. ಆಕಿ ಬಸ್ಸು ಒಂದೊಂದು ದಿನ ತಡ ಆಗ್ತೈತಿ. ನಮ್ಮ ಮನ್ಯಾಕಿನೇ ಕೊಡ್ಲಿ."

"ಆಯಿತು ಬಿಡ್ರಿ, ಪೇಡೆ ಐತೇನು?" ಎಂದೆ. ಡಬ್ಬಿ ಬಂತು. ಧಾರವಾಡದ ಪೇಡೆ. ಒಂದನ್ನು ಎರಡಾಗಿ ಒಡೆದು, ನಡುವೆ ಮಾತ್ರೆ ಇಟ್ಟು, ಉಂಡೆ ಮಾಡಿ ಮೋತಿಯ ಬಾಯಿಗೆ ಹಾಕಿ ತೋರಿಸಿದೆ. ಅದು ಅಗಿಯದೇ ನುಂಗಿತು. ಅಜ್ಜಿ ಸಹಿತ ಎಲ್ಲರೂ ಮೆಚ್ಚಿದರು. ನಾಯಿಗೆ ಮಾತ್ರೆ ನುಂಗಿಸುವುದು ನನ್ನ ಕೈಗೆ ಅಷ್ಟು ರೂಢಿಯಾಗಿತ್ತು. ಸಿಹಿಯೊಳಗೆ ಇಟ್ಟು ಕೊಡಿ ಎಂಬ ಮಾತನ್ನು ನಾನು ಸಾವಿರ ಮನೆಗಳಲ್ಲಿ ಹೇಳಿದ್ದೆ.

ಐದನೇ ವಾರ ಫೋನು ಬಂತು. ಮತ್ತೆ ಕೆರೆತ. ಹೋಗಿ ನೋಡಿದರೆ ಗುಳ್ಳೆಗಳು ಒಣಗಿವೆ, ಆದರೆ ಕಿವಿ ಬೆಂಕಿಯ ಹಾಗಿದೆ, ಬೆರಳ ಸಂದು ಮತ್ತೆ ಹಸಿ. ಇಷ್ಟು ಮುಂದೆ ಬಂದದ್ದು ಹಿಂದೆ ಹೋಗಿದೆ ಎಂದರೆ ಅರ್ಥ ಒಂದೇ: ನಾಯಿಯ ಬಾಯಿಗೆ ಬೇರೆ ಏನೋ ಹೋಗುತ್ತಿದೆ. ಸಾಹುಕಾರರ ಮುಖವೂ ಬೇಸರದಿಂದ ಬಾಡಿತ್ತು. "ಇನ್ನ ಸಾಕ್ರಿ ಡಾಕ್ಟ್ರೆ. ಇದು ನೆಟ್ಟಗಾಗೋ ಜಡ್ಡಲ್ಲ. ಆ ಮಲಗಿಸೋ ಸೂಜೀನೇ ಹಾಕಿಬಿಡ್ರಿ," ಎಂದರು. ಒಂದು ನಾಯಿ ಸಾಯಬೇಕಾದ ಕಾರಣ ಇದಲ್ಲ, ಯಾರೋ ಪಥ್ಯ ಮುರಿಯುತ್ತಿದ್ದಾರೆ, ಅವರನ್ನು ಹಿಡಿದರೆ ಸಾಕು ಎಂದು ನಾನು ಹಟ ಹಿಡಿದೆ.

ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಅಜ್ಜಿ ಲಿಂಗ ಮುಟ್ಟಿ ಹೇಳಿದರು, ಒಂದು ಕಾಳು ಪ್ರಸಾದ ಕೊಟ್ಟಿಲ್ಲ ಎಂದು. ಹೆಂಡತಿಯೂ ಏನೂ ಇಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅವರು ಕೊಡುತ್ತಿದ್ದುದು ಔಷಧಿ. ನಂತರ ಗಿರಣಿಯ ಅಂಗಳಕ್ಕೆ ಹೋದೆವು. ಕಾವಲುಗಾರ ಒಂದು ಮಾತು ಹೇಳಿದ: "ಆಕಿ ದಿನಾ ಸಂಜಿಕ ಕವರಿನಾಗ ಮೀನ ಕಟ್ಕೊಂಡು ಒಯ್ತಾಳ್ರಿ."

ಭತ್ತ ಹರಡುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿದರು. ಸಾಹುಕಾರರು ಅವಳನ್ನು ಕರೆದರು. ಅವಳು ಕೈ ಒರೆಸಿಕೊಳ್ಳುತ್ತ ಬಂದಳು.

"ನಾಯಿ ಮೀನ ಮನಿಗೆ ಒಯ್ತಿಯಂತ. ಇದಕ್ಕ ಏನ್ ಹಾಕ್ತಿ ಹಂಗಾರ? ನಿಮ್ಮನಿ ಉಳಿದ ಕೂಳೇನು?"

"ತಲಿ ಅವು ರೀ ಸಾವ್ಕಾರ್ರೆ. ತಲಿ ಅಷ್ಟ. ಡಾಕ್ಟ್ರೇ ಒಯ್ಯಿ ಅಂದಿದ್ರು." ಅವಳು ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಹೇಳಿದ್ದು ಇಷ್ಟು: "ತಲಿ ಒಯ್ಯಿ ಅಂದಿದ್ದು ಖರೇ. ಆದ್ರ ನಾಯಿ ಹೊಟ್ಟಿಗೆ ಬ್ಯಾರೆ ಏನೋ ಹೋಗಾಕತ್ತಿದ್ದೂ ಖರೇ."

ಎರಡೂ ಮಾತು ನಿಜ. ಆಮೇಲೆ ಎಷ್ಟೋ ಸಲ ಅದನ್ನೇ ಹಿಡಿದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ಆ ಅಂಗಳದಲ್ಲಿ, ಅಷ್ಟು ಜನರ ನಡುವೆ, ಅವಳ ಪರವಾಗಿ ಬರಬೇಕಾಗಿದ್ದ ಒಂದೇ ಸಾಕ್ಷಿ ನನ್ನದು. ನಾನು ಅದನ್ನು ಅರ್ಧ ಹೇಳಿ, ಉಳಿದರ್ಧದಿಂದ ಅವಳನ್ನು ಮುಗಿಸಿದೆ. ಗಿರಣಿಯ ಮೇಸ್ತ್ರಿ ಗಟ್ಟಿಯಾಗಿ, "ನಾಯಿ ಪಾಲು ತಿಂದಾಳ ನೋಡು" ಎಂದ. ಯಾರೋ ನಕ್ಕರು. ಅವಳು ಚಪ್ಪರಕ್ಕೆ ಹೋಗಿ ಬುತ್ತಿ ಡಬ್ಬಿ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೇ ಹೊರಟಳು. ಮೋತಿ ಗೇಟಿನ ತನಕ ಅವಳ ಹಿಂದೆ ಹೋಯಿತು, ಕಾವಲುಗಾರ ಪಟ್ಟಿ ಹಿಡಿದು ಎಳೆದು ತಂದ.

ಮೀನು ಬೇಯಿಸಲು ಬೇರೆ ಹೆಂಗಸು ಬಂದಳು. ಒಂದು ವಾರ ಕಳೆಯಿತು, ಕೆರೆತ ಇಳಿಯಲಿಲ್ಲ. ಆರನೇ ವಾರದ ಕೊನೆಗೆ ನೋಡಲು ಹೋದೆ. ಬೇಗ ಹೋಗಿದ್ದರಿಂದ ಮೋತಿ ಇನ್ನೂ ಮನೆಯೊಳಗಿತ್ತು. ಸಾಹುಕಾರರ ಹೆಂಡತಿ ಕಟ್ಟೆಯ ಮೇಲೆ ಕುಳಿತು, ಡಬ್ಬಿಯಿಂದ ಪೇಡೆ ತೆಗೆದು, ಒಡೆದು, ನಾನು ಕಲಿಸಿದ ಹಾಗೆಯೇ ಮಾತ್ರೆ ಇಟ್ಟು ಉಂಡೆ ಮಾಡುತ್ತಿದ್ದರು. ನಾಯಿ ಮೊದಲನೆಯದನ್ನು ನುಂಗಿತು. ಅವರು ಎರಡನೇ ಪೇಡೆ, ಮಾತ್ರೆ ಇಲ್ಲದ್ದು, ಕೊಟ್ಟರು. "ಕಹಿ ಹೋಗ್ಲಿ ಅಂತ ಇದೊಂದು," ಎಂದು ನನ್ನ ನೋಡಿ ನಕ್ಕರು.

ಹಾಲು, ಮೊಸರು, ತುಪ್ಪ ಬಂದ್ ಎಂದು ನನ್ನ ಕೈಯಿಂದಲೇ ಬರೆದುಕೊಟ್ಟಿದ್ದೆ. ದಿನಕ್ಕೆ ನಾಲ್ಕು ಪೇಡೆ, ಮೂರು ವಾರ. ಪೇಡೆ ಹಾಲಲ್ಲದೆ ಇನ್ನೇನು? ಅಜ್ಜಿಯ ಪ್ರಸಾದದ ಚೂರನ್ನು ತಡೆದ ಬುದ್ಧಿವಂತ ನಾನು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹೊಡೆಯಲು ಹೋದ ಎಂಬ ಗಾದೆ ನನಗೆಂದೇ ಹುಟ್ಟಿದಂತಿತ್ತು.

ಅಲ್ಲಿಯೇ ಹೇಳಬೇಕಾಗಿತ್ತು. ಹೇಳಲಿಲ್ಲ. "ಇನ್ನ ಮಾತ್ರೆ ಸಾಕ್ರಿ, ಗುಳ್ಳಿ ಒಣಗ್ಯಾವ. ಪೇಡೆನೂ ಬ್ಯಾಡ, ಭಾಳ ಸಿಹಿ ಆಗ್ತೈತಿ," ಎಂದು ಬ್ಯಾಗು ಹಿಡಿದು ಹೊರಟೆ. ಸಾಹುಕಾರರ ಹೆಂಡತಿ ಅಷ್ಟು ಪ್ರೀತಿಯಿಂದ ಮಾಡಿದ್ದು, ಅವರಿಗೆ ನೋವಾಗುತ್ತದೆ ಎಂದು ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಕಂಪ್ಲಿಯ ಆ ಮನೆಯಿಂದಲೇ ಸುತ್ತಲಿನ ನಾಲ್ಕು ದೊಡ್ಡ ಮನೆಗಳ ನಾಯಿಗಳು ನನ್ನ ಬಳಿ ಬರುತ್ತಿದ್ದವು. ನನ್ನ ಹೆಸರು ಕೆಡುವುದು ನನಗೆ ಬೇಡವಾಗಿತ್ತು. ಅವಳ ಹೆಸರು ಆಗಲೇ ಕೆಟ್ಟಿತ್ತಲ್ಲ.

ಎಂಟು ವಾರದ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಮೂರು ವಾರಕ್ಕೆ ಕಿವಿ ತಣ್ಣಗಾಯಿತು. ಆರಕ್ಕೆ ಹೊಟ್ಟೆಯ ಮೇಲೆ ಮೆತ್ತನೆ ಕೂದಲು ಬಂತು. ಎಂಟು ಮುಗಿಯುವಾಗ ಮೋತಿ ನಿಜವಾಗಿಯೂ ಹಳದಿ ನಾಯಿಯಾಗಿತ್ತು. ಸಾಹುಕಾರರು ಅಂಗಳದಲ್ಲಿ ಅದರ ಬೆನ್ನು ತಟ್ಟುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡ್ರಿ ಡಾಕ್ಟ್ರೆ, ಆಕಿ ಹೋದಳು, ನಾಯಿ ನೆಟ್ಟಗಾತು. ನೀವು ಹಿಡಿದಿದ್ದು ಖರೇ ಆತು." ನಾನು ತಲೆ ಆಡಿಸಿದೆ. ನಾಯಿ ಗುಣವಾದದ್ದೇ ಅವಳ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು. ಒಬ್ಬಳು ಮಾಡದ ತಪ್ಪನ್ನು ನನ್ನ ಚಿಕಿತ್ಸೆಯೇ ಸಾಬೀತು ಮಾಡಿಕೊಟ್ಟಿತು.

ಇನ್ನು ಯಾವ ಆಹಾರಕ್ಕೆ ಕೆರಳುತ್ತದೆ ಎಂಬ ಪರೀಕ್ಷೆ ಉಳಿದಿತ್ತು. ಅದನ್ನು ಆ ಮನೆಯಲ್ಲಿ ಮಾಡಲು ನನಗೆ ಧೈರ್ಯವಿರಲಿಲ್ಲ. ನಾಯಿಯನ್ನು ಹತ್ತು ದಿನ ನನ್ನ ಕ್ಲಿನಿಕ್ಕಿನಲ್ಲಿ ಬಿಡಿ ಎಂದು ಕೇಳಿ ತಂದುಕೊಂಡೆ. ಮೊದಲು ಅನ್ನ ಕೊಟ್ಟು ನೋಡಿದೆ, ಏನೂ ಆಗಲಿಲ್ಲ. ಸಾಹುಕಾರರ ಅಕ್ಕಿಗೆ ಕಳಂಕ ಬರಲಿಲ್ಲ. ಆರನೇ ದಿನ ಮಿಠಾಯಿ ಅಂಗಡಿಯಿಂದ ಪೇಡೆ ತಂದು ದಿನಕ್ಕೆ ನಾಲ್ಕರಂತೆ ಕೊಡತೊಡಗಿದೆ. ಒಂಬತ್ತನೇ ದಿನ ಬೆಳಗ್ಗೆ ಮೋತಿ ಮೂಲೆಯಲ್ಲಿ ಕುಳಿತು ಮುಂಗಾಲು ನೆಕ್ಕುತ್ತಿತ್ತು. ಕಿವಿ ಮುಟ್ಟಿ ನೋಡಿದೆ, ಬಿಸಿ. ಕೆರಳಿಸುತ್ತಿದ್ದುದು ಹಾಲೇ ಎಂದು ಖಾತ್ರಿಯಾಗಿ ಅಂದೇ ಪೇಡೆ ನಿಲ್ಲಿಸಿದೆ, ಕೆರೆತ ಇಳಿಯಿತು.

ಆ ಹತ್ತು ದಿನ ಮೀನು ಬೇಯಿಸಿದವನು ನಾನೇ. ಮುಳ್ಳು ತೆಗೆಯಲು ಮೊದಲ ದಿನ ಒಂದು ಗಂಟೆ ಹಿಡಿಯಿತು. ಮುಗಿಯಿತು ಎಂದುಕೊಂಡು ಮತ್ತೊಮ್ಮೆ ಒತ್ತಿದರೆ ಇನ್ನೂ ಏಳು ಮುಳ್ಳು. ಬೆರಳ ತುದಿ ಚುಚ್ಚಿ ಚುಚ್ಚಿ ಉರಿಯುತ್ತಿತ್ತು. ಅವಳ ಕೈಯಲ್ಲಿ ದಿನಕ್ಕೆ ಎರಡು ಹೊತ್ತು, ಐದು ವಾರ, ಒಂದು ಸಲವೂ ಆ ನಾಯಿ ಕೆಮ್ಮಿರಲಿಲ್ಲ. ನಾಯಿಯ ಪಾಲು ಕದಿಯುವವಳು ಎರಡೆರಡು ಸಲ ಮುಳ್ಳು ಹುಡುಕುತ್ತಾಳೆಯೇ? ಇದನ್ನು ನಾನು ಅಂಗಳದಲ್ಲಿ ನಿಂತಾಗಲೇ ಯೋಚಿಸಬಹುದಿತ್ತು. ನಾನು ಕಣ್ಣಾರೆ ನೋಡಿದ್ದ ಕೆಲಸ ಅದು. ಮೀನಿನ ವಾಸನೆಯ ಕೈ ತೊಳೆಯುತ್ತ, ಹೇಳದೆ ಇದ್ದರೆ ನನಗೆ ಉಳಿಗಾಲವಿಲ್ಲ ಎನ್ನಿಸಿತು.

ಮೋತಿಯನ್ನು ಮರಳಿ ಬಿಡಲು ಹೋದ ದಿನ ಸಾಹುಕಾರರಿಗೆ ಎಲ್ಲ ಹೇಳಿದೆ. ಪೇಡೆ ತರಿಸಿದ್ದು ನಾನು, ಕೊಡುವುದನ್ನು ಕಲಿಸಿದ್ದು ನಾನು, ನಿಮ್ಮ ಹೆಂಡತಿಯವರ ತಪ್ಪಿಲ್ಲ, ಆ ಹೆಂಗಸಿನದಂತೂ ಮೊದಲೇ ಇಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿ ಒಳಗೆ ಹೋದರು. ಅವತ್ತು ಚಹಾ ಬರಲಿಲ್ಲ. ಸಾಹುಕಾರರು ಮೋತಿಯ ಬೆನ್ನು ಸವರುತ್ತ, "ಹೋಗ್ಲಿ ಬಿಡ್ರಿ," ಎಂದರು. "ನಾಯಿ ನೆಟ್ಟಗೈತಿ. ಆ ಕೆಲ್ಸಕ್ಕ ಈಗ ಬ್ಯಾರೆಯಾಕಿ ಅದಾಳ. ಆಕೀನ ತಿರುಗಿ ಕರದ್ರ, ಸಾವ್ಕಾರ ತಪ್ಪು ಮಾಡಿದ್ನಂತ ಮಂದಿ ಆಡ್ಕೋತಾರ. ನೀವೂ ಮರೀರಿ."

ಬುಕ್ಕಸಾಗರಕ್ಕೆ ಹೋದೆ. ಮನೆ ಸಿಕ್ಕಿತು, ಅವಳಿರಲಿಲ್ಲ. ಊರಿನ ಹೆಂಗಸರ ಜೊತೆ ಟ್ರ್ಯಾಕ್ಸ್ ಜೀಪಿನಲ್ಲಿ ಸಂಡೂರು ರಸ್ತೆಯ ಬೇರೆ ಯಾರದೋ ಅದಿರಿನ ಯಾರ್ಡಿಗೆ ಹೋಗುತ್ತಾಳೆ ಎಂದರು. ದಾರಿ ಹೇಳಿದ ಮುದುಕ, "ಯಾರು, ನಾಯಿ ಕೂಳು ತಿಂದಾಕಿನಾ?" ಎಂದು ಖಾತ್ರಿ ಮಾಡಿಕೊಂಡ. ಊರಿಗೆ ಅವಳು ಈಗ ಆ ಹೆಸರಿನವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವನು ನಾನು, ಒಡೆದದ್ದು ಅವಳದು.

ಯಾರ್ಡು ಸೇರುವ ಹೊತ್ತಿಗೆ ಊಟದ ಬಿಡುವು. ಅದಿರಿನ ಗುಡ್ಡೆಯ ನೆರಳಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸುತ್ತ ಕುಳಿತು ರೊಟ್ಟಿ ಪಲ್ಯ ಹಂಚಿಕೊಳ್ಳುತ್ತಿದ್ದರು. ಕೆಂಪು ಮುಖ, ಕೆಂಪು ರೆಪ್ಪೆ. ಇವಳು ಅವರಿಂದ ನಾಲ್ಕು ಮಾರು ಆಚೆ, ಕಲ್ಲು ಒಡೆಯುವ ಸುತ್ತಿಗೆ ಪಕ್ಕಕ್ಕಿಟ್ಟು ಒಬ್ಬಳೇ ಉಣ್ಣುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ನಾಯಿ ಹೆಂಗೈತ್ರಿ?" ಎಂದಳು ಮೊದಲು.

"ನೆಟ್ಟಗೈತಿ. ತಪ್ಪು ನಿಂದಲ್ಲವ್ವ, ನಂದು..." ಎಂದು ಶುರು ಮಾಡಿದೆ.

ಅವಳು ಕೈ ಎತ್ತಿ ತಡೆದಳು. "ನನಗ ಹೇಳಬ್ಯಾಡ್ರಿ. ನಾ ತಿಂದಿಲ್ಲ ಅಂಬೋದು ನನಗ ಗೊತ್ತೈತಿ. ಅವ್ರಿಗೆ ಹೇಳ್ರಿ. ನಮ್ಮೂರ ಮಂದಿ."

ಆ ಹೆಂಗಸರ ಮುಂದೆ ಹೋಗಿ ನಿಂತೆ. ಪೇಡೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಈಕೆ ನಾಯಿಯ ಪಾಲು ತಿಂದಿಲ್ಲ, ನನ್ನ ತಪ್ಪನ್ನು ಈಕೆಯ ಮೇಲೆ ಹೊರಿಸಿದೆ ಎಂದೆ. ಅವರು ರೊಟ್ಟಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೇಳಿದರು. ಒಬ್ಬ ಮುದುಕಿ, "ಕೇಳಿದ್ವಿ ಬಿಡ್ರಿ," ಎಂದಳು. ಇವಳ ಕಡೆ ತಿರುಗಿ, "ಬಾರವ್ವ, ಈ ಕಡಿ ಕುಂದ್ರು ಬಾ," ಎಂದು ಸರಿದು ಜಾಗ ಮಾಡಿದಳು.

ಇವಳು ಕದಲಲಿಲ್ಲ. ನನ್ನನ್ನೇ ನೋಡುತ್ತ ಕೇಳಿದಳು: "ಸಾವ್ಕಾರ್ರಿಗೆ ಹೇಳಿದ್ರೇನ್ರಿ?"

"ಹೇಳಿದೆ."

"ಏನಂದ್ರು?"

"ಆ ಕೆಲ್ಸಕ್ಕ ಈಗ ಬ್ಯಾರೆಯಾಕಿ ಅದಾಳಂತ," ಎಂದೆ.

"ಮೂರು ತಿಂಗ್ಳಾತು," ಎಂದಳು. "ಆವತ್ತು ಅಂಗಳದಾಗ ಎಲ್ಲಾರ ಮುಂದ ಹೇಳಿದ್ರ ಅವರು ಏನರ ಅನ್ನಲೇಬೇಕಾಗ್ತಿತ್ತು. ಈಗ ಅವ್ರಿಗೆ ನಾನ್ಯಾಕ ಬೇಕ್ರಿ."

ಸೂಪರ್‌ವೈಸರ್ ಸೀಟಿ ಊದಿದ. ಹೆಂಗಸರು ಎದ್ದು ಸೆರಗು ಬಾಯಿಗೆ ಕಟ್ಟಿಕೊಂಡರು. ಅವಳು ಉಣ್ಣದೇ ಉಳಿದಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಸುತ್ತಿಗೆ ತೆಗೆದುಕೊಂಡು, ಬಿಸಿಲಿನಲ್ಲಿದ್ದ ತನ್ನ ಗುಡ್ಡೆಯ ಕಡೆ ಹೋದಳು.